ಪ್ಲಾಟ್‌ಫಾರಂ ಮೀಮಾಂಸೆ: ನಾಲ್ಕು ತಾಲ್ಲೂಕುಗಳನ್ನು ಆಧರಿಸಿದ ಒಂದು ಅಧ್ಯಯನ

ಕಂಪ್ಯೂಟರ್ ಪ್ಲಾಟ್‌ಫಾರಂಗಳಲ್ಲಿ ಯಾವುದು ಮೇಲು, ಯಾವ ಕಂಪನಿ ಒಳ್ಳೆಯದು, ಯಾವುದು ಕೆಟ್ಟದ್ದು ಎಂಬ ವಾದವನ್ನು ಈವರೆಗೆ ಕ್ಯಾಲಿಫೋರ್ನಿಯಾದಲ್ಲಿ ಕೂತವರು ಮಾಡಿದ್ದಾರೆ, ಬೆಂಗಳೂರಿನಲ್ಲಿ ಕೂತವರು ಮಾಡಿದ್ದಾರೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯವರನ್ನು ಮಾತ್ರ ವಿದ್ವತ್ ಲೋಕ ಒಂದು ಮಾತೂ ಕೇಳಿಲ್ಲ. ಆ ಲೋಪವನ್ನು ಸರಿಪಡಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಅಧ್ಯಯನಕ್ಕಾಗಿ ನಾಲ್ಕೂ ತಾಲ್ಲೂಕುಗಳ ಟೀ ಅಂಗಡಿಗಳಲ್ಲಿ ಕ್ಷೇತ್ರಕಾರ್ಯ ನಡೆಸಲಾಯಿತು. ಟೀ ಕುಡಿದವರೆಲ್ಲ ಮಾಹಿತಿದಾರರು. ಬೈಟು ಕುಡಿದವರನ್ನು ಅರ್ಧ ಮಾಹಿತಿದಾರರೆಂದು ಹಿಡಿಯಲಾಗಿದೆ. ಖರ್ಚನ್ನು ಲೇಖಕನೇ ಭರಿಸಿದ್ದರಿಂದ ಯಾವ ಕಂಪನಿಯ ಋಣವೂ ಇದರ ಮೇಲಿಲ್ಲ.

ಮೊದಲು ಶಬ್ದಾರ್ಥ. ಪ್ಲಾಟ್‌ಫಾರಂ ಎಂಬುದಕ್ಕೆ ಸರ್ಕಾರಿ ಕನ್ನಡದಲ್ಲಿ ‘ವೇದಿಕೆ’ ಎಂದಿದೆ. ನಮ್ಮ ಕಡೆ ವೇದಿಕೆಯೆಂದರೆ ಶಾಮಿಯಾನದ ಕೆಳಗೆ ಶಾಸಕರು ಬರುವತನಕ ಖಾಲಿ ಇದ್ದು, ಬಂದ ಮೇಲೆ ಜಾಗ ಸಾಲದೆ ಹೋಗುವ ಒಂದು ಎತ್ತರ. ಆದ್ದರಿಂದ ಆ ಪದವನ್ನು ಕೈಬಿಡುವುದು ಕ್ಷೇಮ. ತಕ್ಕ ಪದವೆಂದರೆ ‘ಕಟ್ಟೆ’. ಅರಳಿಕಟ್ಟೆಯಲ್ಲಿ ಯಾರು ಬೇಕಾದರೂ ಯಾರ ಮೇಲೆ ಬೇಕಾದರೂ ಏನು ಬೇಕಾದರೂ ಹೇಳಬಹುದು. ಹೇಳಿದ್ದು ಸಂಜೆಯೊಳಗೆ ಮೂರು ಊರು ಮುಟ್ಟುತ್ತದೆ, ಅಳಿಸಲು ಬರುವುದಿಲ್ಲ. ಕೆ.ಆರ್. ನಗರದ ಕಡೆಯ ಚುಂಚನಕಟ್ಟೆಯಲ್ಲಾದರೋ ಕಟ್ಟೆಯೆಂದರೆ ಕಾವೇರಿಗೆ ಅಡ್ಡ ಹಾಕಿದ ಒಡ್ಡು. ತನ್ನಷ್ಟಕ್ಕೆ ಹರಿದು ಹೋಗುವುದನ್ನು ತಡೆದು ನಿಲ್ಲಿಸಿ, ಬೇಕಾದ ಕಾಲುವೆಗೆ ತಿರುಗಿಸುವುದು ಅದರ ಕೆಲಸ. ದೊಡ್ಡ ಟೆಕ್ ಕಂಪನಿಗಳಿಗೆ ಇದಕ್ಕಿಂತ ನಿಖರವಾದ ಲಕ್ಷಣವನ್ನು ಯಾವ ಶಾಸ್ತ್ರಕಾರರೂ ಹೇಳಿದಂತಿಲ್ಲ.

ಇಷ್ಟಾದರೂ ಜನ ಆಡುವುದು ಇಂಗ್ಲಿಷ್ ಪದವನ್ನೇ, ಅದೂ ಊರಿಗೊಂದು ಅರ್ಥದಲ್ಲಿ. ಕೆ.ಆರ್. ನಗರದಲ್ಲಿ ಪ್ಲಾಟ್‌ಫಾರಂ ಎಂದರೆ ರೈಲು ಬಂದು ನಿಲ್ಲುವ ಜಾಗ. ಮೈಸೂರು-ಹಾಸನ ಮಾರ್ಗದ ನಿಲ್ದಾಣ ಅಲ್ಲಿದೆ. ಉಳಿದ ಮೂರು ಪಟ್ಟಣಗಳಿಗೆ ರೈಲಿಲ್ಲ. ಕುಶಾಲನಗರದ ರೈಲು ಚುನಾವಣೆಗೊಮ್ಮೆ ಭಾಷಣದಲ್ಲಿ ಹಾದುಹೋಗುತ್ತದೆ, ನಿಲ್ಲುವುದಿಲ್ಲ. ಆ ಮೂರೂ ಕಡೆ ಪ್ಲಾಟ್‌ಫಾರಂ ಎಂದರೆ ಹೊಗೆಸೊಪ್ಪಿನ ಹರಾಜು ಮಾರುಕಟ್ಟೆ. ಅದಕ್ಕೊಂದು ನಂಬರೂ ಇರುತ್ತದೆ. ‘ನಿಮ್ದು ಯಾವ್ ಪ್ಲಾಟ್‌ಫಾರಂ?’ ಎಂದು ಹುಣಸೂರಿನಲ್ಲಿ ಕೇಳಿದರೆ ವಿಂಡೋಸ್ ಎಂದೋ ಲಿನಕ್ಸ್ ಎಂದೋ ಉತ್ತರ ಬರುವುದಿಲ್ಲ, ಚಿಲ್ಕುಂದ ಎಂದು ಬರುತ್ತದೆ. ಈ ಭೇದವನ್ನು ಗಮನಿಸದೆ ಕ್ಷೇತ್ರಕಾರ್ಯಕ್ಕೆ ಹೊರಟ ಕಾರಣ ನಮ್ಮ ಮೊದಲ ದಿನದ ಟಿಪ್ಪಣಿಗಳೆಲ್ಲ ಹಾಳಾದವು. ಆಮೇಲೆ ನೋಡಿದರೆ ಉಪಯೋಗಕ್ಕೆ ಬಂದದ್ದು ಅವೇ.

ಇನ್ನು ದರ್ಶನಗಳು. ಕನ್ನಡದ ಕಂಪ್ಯೂಟರ್ ಲೋಕದಲ್ಲಿ ಪ್ರಾಚೀನವಾದದ್ದು ದ್ವೈತ: ಬರಹ ಮತ್ತು ನುಡಿ. ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ 1998ರದು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಸರ್ಕಾರದ ಬೆಂಬಲದೊಂದಿಗೆ ಅದರ ಬೆನ್ನಿಗೇ ಬಂತು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದ ದಯೆಯಿಂದ ಇಪ್ಪತ್ತಾರು ಇಂಗ್ಲಿಷ್ ಕೀಲಿಗಳ ಮೇಲೆ ಕನ್ನಡದ ಅಕ್ಷರಮಾಲೆ ಪೂರ್ತಿ ಕೂತಿತ್ತು. ಆದರೂ ಒಂದು ಪಂಥದವರು ಇನ್ನೊಂದು ಪಂಥದವರ ಮನೆಯಲ್ಲಿ ಫೈಲು ತೆರೆಯುತ್ತಿರಲಿಲ್ಲ. ತೆರೆದರೆ ಏನಾಗುತ್ತದೆ ಎಂಬುದಕ್ಕೆ ತಾಲ್ಲೂಕು ಕಚೇರಿಯೊಂದರ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ದೊರೆತ ಪ್ರತ್ಯಕ್ಷ ಪ್ರಮಾಣ ಇದು. ರೈತರೊಬ್ಬರು ಮಗ ಮೈಸೂರಿನಿಂದ ಟೈಪು ಮಾಡಿ ಕಳಿಸಿದ್ದ ಅರ್ಜಿಯನ್ನು ಪ್ರಿಂಟ್ ತೆಗೆಸಲು ಬಂದಿದ್ದರು. ಪರದೆಯ ಮೇಲೆ ಇಂಗ್ಲಿಷಿನ ‘ಎ’ಗಳು ಸಾಲಾಗಿ ನಿಂತಿದ್ದವು; ಕೆಲವಕ್ಕೆ ತಲೆ ಮೇಲೆ ಟೋಪಿ, ಕೆಲವಕ್ಕೆ ಎರಡು ಚುಕ್ಕಿ, ಇನ್ನು ಕೆಲವಕ್ಕೆ ಓರೆ ಗೆರೆ.

‘ಇದೇನ್ ಸಾ, ಇಂಗ್ಲೀಸ್ನಲ್ಲೈತೆ?’

‘ಕನ್ನಡನೇ ಕಣಣ್ಣ. ಫಾಂಟ್ ಇಲ್ಲ, ಅಷ್ಟೆ.’

‘ಫಾಂಟ್ ಇಲ್ದಿದ್ರೆ ಕನ್ನಡ ಇಂಗ್ಲೀಸ್ ಆಯ್ತದಾ?’

ಆಗುತ್ತದೆ. ಹಳೆಯ ಫಾಂಟುಗಳಲ್ಲಿ ಕನ್ನಡಕ್ಕೆ ಸ್ವಂತ ಮನೆ ಇರಲಿಲ್ಲ. ಇದ್ದ 256 ಖಾನೆಗಳಲ್ಲಿ, ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ, ನಮ್ಮ ತಲೆಕಟ್ಟು, ಕೊಂಬು, ದೀರ್ಘ, ಒತ್ತುಗಳನ್ನು ಬಿಡಿಬಿಡಿಯಾಗಿ ಬಾಡಿಗೆಗೆ ಇಡಲಾಗಿತ್ತು. ಫಾಂಟ್ ಎಂಬ ಬೋರ್ಡು ಬಿದ್ದುಹೋದರೆ ಮನೆಯ ಮೂಲ ಮಾಲೀಕ ಬಾಗಿಲು ತೆರೆಯುತ್ತಾನೆ. ಅರ್ಜಿದಾರರ ಪ್ರಶ್ನೆಗೆ ಅಂಗಡಿಯವನು ಉತ್ತರ ಕೊಡಲಿಲ್ಲ, ಹತ್ತು ರೂಪಾಯಿ ಹೆಚ್ಚಿಗೆ ತೆಗೆದುಕೊಂಡು ಹೊಸದಾಗಿ ಟೈಪು ಮಾಡಿದ.

ಈ ದ್ವೈತವನ್ನು ಖಂಡಿಸಲು ಬಂದದ್ದು ಯುನಿಕೋಡ್ ಎಂಬ ಅದ್ವೈತ. ಅಕ್ಷರವೊಂದೇ ಸತ್ಯ, ಫಾಂಟು ಬರೀ ವೇಷ ಎಂಬುದು ಅದರ ಸಾರ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ನಿವೇಶನಗಳ ಒಂದು ಬಡಾವಣೆ ಮಂಜೂರಾಯಿತು. ಬಡಾವಣೆ ಎಂದ ಮೇಲೆ ಕೆಲವು ಸೈಟುಗಳು ಇಂದಿಗೂ ಖಾಲಿ ಬಿದ್ದಿವೆ. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಎಂಬ ಕನ್ನಡ ಫಾಂಟನ್ನು ಜೊತೆಗಿಟ್ಟುಕೊಂಡೇ ಬಂತು. ಅಲ್ಲಿಗೆ ಎಲ್ಲರಿಗೂ ಮೋಕ್ಷ ಸಿಗಬೇಕಿತ್ತು. ಆದರೆ ಮೋಕ್ಷದ ಬಾಗಿಲಲ್ಲಿ ಲಗ್ನಪತ್ರಿಕೆ ಮುದ್ರಿಸುವವರು ನಿಂತಿದ್ದರು. ಅವರು ಪುಟ ಕಟ್ಟುವುದು ಪೇಜ್‌ಮೇಕರಿನಲ್ಲಿ. ಅದರ ಕೊನೆಯ ಆವೃತ್ತಿ ಬಂದದ್ದೂ ಅದೇ 2001ರಲ್ಲಿ, ಯುನಿಕೋಡ್ ಕನ್ನಡ ಅದಕ್ಕೆ ಕೊನೆಯವರೆಗೂ ಅರ್ಥವಾಗಲಿಲ್ಲ. ಮದುವೆ ಸೀಸನ್ನಿನಲ್ಲಿ ಅದ್ವೈತಿಯೂ ದ್ವೈತಿಯ ಅಂಗಡಿಗೆ ಬಂದು ‘ನುಡೀಲಿ ಮಾಡ್ಕೊಡಿ’ ಎಂದು ಕೇಳುವುದನ್ನು ಈ ಕಣ್ಣುಗಳು ಕಂಡಿವೆ.

ಪ್ಲಾಟ್‌ಫಾರಂ ಬದಲಿಸುವುದು ಅಪಾಯಕರ ಎಂದು ಹೆದರುವವರಿಗೆ ಇಲ್ಲೊಂದು ಐತಿಹಾಸಿಕ ನಿದರ್ಶನ ಹೇಳಬೇಕು. ಎಡತೊರೆ ಎಂಬ ಊರು ಕಾವೇರಿಯ ಪ್ರವಾಹಕ್ಕೆ ಸಿಕ್ಕಿದ ಮೇಲೆ ಎತ್ತರದ ಜಾಗದಲ್ಲಿ ಹೊಸ ಪಟ್ಟಣ ಎದ್ದು ನಾಲ್ವಡಿಯವರ ಹೆಸರು ಪಡೆಯಿತು, ಅದೇ ಕೃಷ್ಣರಾಜನಗರ. ಜನ, ದನ, ಪಾತ್ರೆ-ಪಡಗ, ಹಳೆಯ ಜಗಳಗಳು, ಯಾವುದೂ ನಷ್ಟವಾಗದೆ ಸ್ಥಳಾಂತರಗೊಂಡವು. ಅರ್ಕೇಶ್ವರಸ್ವಾಮಿ ಒಬ್ಬ ಮಾತ್ರ ಹಳೆಯ ಆವೃತ್ತಿಯಲ್ಲೇ ಹೊಳೆದಂಡೆಯಲ್ಲಿ ಉಳಿದ. ಭಕ್ತರೇ ಅವನಿದ್ದಲ್ಲಿಗೆ ಹೋಗುತ್ತಾರೆ. ಪೇಜ್‌ಮೇಕರಿನ ವಿಷಯದಲ್ಲೂ ಇದೇ ನಡೆದಿದೆ.

ಐಫೋನ್ ಮೇಲೋ ಆಂಡ್ರಾಯ್ಡ್ ಮೇಲೋ ಎಂಬುದು ನವ್ಯನ್ಯಾಯಕ್ಕೆ ಸೇರಿದ ಪ್ರಶ್ನೆ. ಪಿರಿಯಾಪಟ್ಟಣದ ಬೀಗರೂಟವೊಂದರಲ್ಲಿ ಇದರ ನಿರ್ಣಯವಾಯಿತು. ಬೆಂಗಳೂರಿನಿಂದ ಬಂದ ವರನ ಭಾವಮೈದುನ ಊಟದ ಪಂಕ್ತಿ ಏಳುವವರೆಗೂ ಐಫೋನಿನ ಭದ್ರತೆ, ಕ್ಯಾಮೆರಾ, ಗೌಪ್ಯತೆ ಇವುಗಳನ್ನು ಮಂಡಿಸಿದ. ಪೂರ್ವಪಕ್ಷ ಅಮೋಘವಾಗಿತ್ತು. ಬಾಡೂಟ ಮುಗಿಯುವ ಹೊತ್ತಿಗೆ ಅವನ ಫೋನಿನ ಚಾರ್ಜು ಮುಗಿಯಿತು. ಚಪ್ಪರದಡಿ ಇದ್ದ ಅಷ್ಟೂ ಜನರ ಜೇಬು, ಬ್ಯಾಗು, ಕಾರು ತಡಕಿದರೂ ಆ ತೂತಿಗೆ ಹೋಗುವ ಕೇಬಲ್ ಸಿಗಲಿಲ್ಲ. ವರನ ಅಜ್ಜಿ ಕೇಳಿದರು: ‘ಅಷ್ಟ್ ದುಡ್ ಕೊಟ್ಟು ಯಾರ್ ಮನೇಲೂ ಇಲ್ದಿರೋ ತೂತಿಂದು ತಕಂಡಿದ್ಯಲ್ಲ ಮಗ?’ ಮುಂದೆ ಯುರೋಪಿಯನ್ ಒಕ್ಕೂಟ ಎಲ್ಲ ಫೋನುಗಳಿಗೂ ಒಂದೇ ತೂತು ಇರಬೇಕೆಂದು ಕಾನೂನು ಮಾಡಿತು, 2023ರಲ್ಲಿ ಐಫೋನ್ 15 ಅದಕ್ಕೆ ತಲೆಬಾಗಿತು. ಬ್ರಸೆಲ್ಸ್‌ನವರಿಗಿಂತ ಮೊದಲು ಆ ಮಾತನ್ನು ಎತ್ತಿದ್ದು ಯಾರೆಂದು ದಾಖಲಿಸುವುದು ಸಂಶೋಧಕನ ಕರ್ತವ್ಯ. ಎಚ್.ಡಿ. ಕೋಟೆಯ ಕಾಡಂಚಿನದು ಇನ್ನೂ ಮುಂದಿನ ದರ್ಶನ, ಶೂನ್ಯವಾದ. ಟವರ್ ಸಿಗದ ಹಾಡಿಯಲ್ಲಿ ಐಫೋನೂ ಆಂಡ್ರಾಯ್ಡೂ ಒಂದೇ: ಎರಡೂ ಟಾರ್ಚು.

ಈಗ ಪ್ರಬಂಧದ ಹೃದಯಭಾಗ, ಅಂದರೆ ಹೊಗೆಸೊಪ್ಪು. ಕರ್ನಾಟಕದಲ್ಲಿ ತಂಬಾಕು ಮಂಡಳಿಯ ಹರಾಜು ಪದ್ಧತಿ ಶುರುವಾದದ್ದು 1984ರಲ್ಲಿ. ಟೆಕ್ ಕಂಪನಿಗಳು ತಮ್ಮನ್ನು ಪ್ಲಾಟ್‌ಫಾರಂ ಎಂದು ಕರೆದುಕೊಳ್ಳುವುದಕ್ಕೆ ಎಷ್ಟೋ ಮೊದಲೇ ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರದವರು ಪ್ಲಾಟ್‌ಫಾರಂಗೆ ಹೋಗಿ ಬರುತ್ತಿದ್ದರು. ವ್ಯವಸ್ಥೆ ನೋಡಿ. ಮಾಲು ರೈತನದು, ಬೆವರು ರೈತನದು, ಸೊಪ್ಪು ಹದ ಮಾಡುವ ಬ್ಯಾರನ್ನಿಗೆ ಒಟ್ಟಿದ ಸೌದೆ ರೈತನದು, ರಾತ್ರಿಯೆಲ್ಲ ನಿದ್ದೆಗೆಟ್ಟು ಉರಿ ನೋಡಿದವನೂ ರೈತನೇ. ಕಟ್ಟೆ ಮಾತ್ರ ಬೇರೆಯವರದು. ಒಂದು ಕಡೆ ಸಾವಿರಾರು ಬೆಳೆಗಾರರು, ಇನ್ನೊಂದು ಕಡೆ ಬೆರಳೆಣಿಕೆಯ ಕಂಪನಿಗಳು. ಅರ್ಥಶಾಸ್ತ್ರಜ್ಞರು ಇದಕ್ಕೆ ಬಾಯಿ ತಿರುಗದ ಗ್ರೀಕ್ ಹೆಸರಿಟ್ಟಿದ್ದಾರೆ. ನಮ್ಮ ಮಾಹಿತಿದಾರರು ‘ಅವ್ರವ್ರೇ ಮಾತಾಡ್ಕಂಡವ್ರೆ’ ಎಂದರು. ಅದಕ್ಕೆ ಪುರಾವೆ ಕೇಳಿದಾಗ ಇನ್ನೊಂದು ಟೀ ಹೇಳಿದರು.

ಮುಕ್ತ ವ್ಯವಸ್ಥೆಯೋ ಮುಚ್ಚಿದ ವ್ಯವಸ್ಥೆಯೋ ಎಂಬ ಜಗತ್ಪ್ರಸಿದ್ಧ ಚರ್ಚೆಯೂ ಇಲ್ಲಿ ಎಂದೋ ಮುಗಿದಿದೆ. ಮಂಡಳಿಯ ಲೈಸೆನ್ಸ್ ಇದ್ದವನ ಬೇಲು, ಅಂದರೆ ಸೊಪ್ಪಿನ ಕಟ್ಟು, ಒಳಗೆ, ಇಲ್ಲದವನ ಬೇಲು ಗೇಟಿನಾಚೆ. ಹಾಗೆ ಆಚೆ ನಿಂತವರು ದಂಡ ಕಟ್ಟಿಯಾದರೂ ಮಾರಲು ದೆಹಲಿಯಿಂದ ಅಪ್ಪಣೆ ಬರುವುದನ್ನು ಕಾಯಬೇಕು. ಆ್ಯಪ್ ತಯಾರಿಸಿದವನು ಆ್ಯಪಲ್ ಅಂಗಡಿಯ ಬಾಗಿಲಲ್ಲಿ ನಿಲ್ಲುವುದೂ ಹೀಗೆಯೇ. ಅಲ್ಲಿನ ಪೂರ್ತಿ ಕಮಿಷನ್ ಶೇ 30 ಎಂದು ನಾವು ವಿವರಿಸಿದಾಗ ಹಿರಿಯ ಬೆಳೆಗಾರರೊಬ್ಬರು ಲೋಟ ಕೆಳಗಿಟ್ಟರು. ‘ನೂರಕ್ಕೆ ಮೂವತ್ತಾ? ನಮ್ ದಲ್ಲಾಳಿಗೂ ಒಸಿ ಮಾನ ಮರ್ಯಾದೆ ಇತ್ತು ಬುಡಿ.’

ಮೊದಲು ಹರಾಜು ಬಾಯಲ್ಲಿ ನಡೆಯುತ್ತಿತ್ತು. ಸಾಲಾಗಿಟ್ಟ ಬೇಲುಗಳ ನಡುವೆ ದರ ಕೂಗುತ್ತ ಒಬ್ಬ ನಡೆದು ಹೋಗುವನು, ಕಂಪನಿಯವರು ಬೆರಳಲ್ಲೋ ಹುಬ್ಬಲ್ಲೋ ಉತ್ತರ ಕೊಡುವರು. ಈಗ ಅದು ಎಲೆಕ್ಟ್ರಾನಿಕ್ ಹರಾಜು. ಖರೀದಿದಾರರ ಕೈಯಲ್ಲಿ ಪುಟ್ಟ ಯಂತ್ರ, ಒತ್ತಿದರೆ ದರ. ಯಂತ್ರ ಒಳ್ಳೆಯದೋ ಬಾಯಿ ಒಳ್ಳೆಯದೋ ಎಂಬ ಬಗ್ಗೆ ಮಾಹಿತಿದಾರರಲ್ಲಿ ಎರಡು ಶಾಖೆಗಳಿವೆ. ಒಂದು ಶಾಖೆ, ಯಂತ್ರಕ್ಕೆ ಕಣ್ಸನ್ನೆ ಬರುವುದಿಲ್ಲ, ಆದ್ದರಿಂದ ಮೋಸ ಕಡಿಮೆ ಎನ್ನುತ್ತದೆ. ಇನ್ನೊಂದು, ಕೂಗುವವನ ಮುಖ ನೋಡಿಯಾದರೂ ದರ ಬೀಳುತ್ತದೋ ಏಳುತ್ತದೋ ತಿಳಿಯುತ್ತಿತ್ತು, ಯಂತ್ರಕ್ಕೆ ಮುಖವೆಲ್ಲಿ ಎನ್ನುತ್ತದೆ. ಎರಡೂ ಶಾಖೆಗಳು ಒಪ್ಪುವ ವಿಷಯ ಒಂದಿದೆ. ಯಾರೂ ದರ ಹೇಳದ ಬೇಲಿಗೆ ‘ನೋ ಬಿಡ್’ ಎನ್ನುತ್ತಾರೆ. ಬಾಯಿ ಹರಾಜಿನಲ್ಲೂ ನೋ ಬಿಡ್ ಇತ್ತು, ಯಂತ್ರದ ಹರಾಜಿನಲ್ಲೂ ಇದೆ. ಹಾಗಾದ ಬೇಲನ್ನು ಮನೆಗೆ ಒಯ್ದು, ಬಿಚ್ಚಿ, ಎಲೆ ಎಲೆ ಆರಿಸಿ, ಮತ್ತೆ ಕಟ್ಟಿ ತರಬೇಕು. ಲೈಕು ಬಾರದ ಪೋಸ್ಟಿಗೆ ಅಳುವ ತರುಣರನ್ನು ಒಂದು ದಿನ ಆ ಬೇಲು ಹೊರಲು ಕಳಿಸಬೇಕೆಂಬುದು ಲೇಖಕನ ವೈಯಕ್ತಿಕ ಶಿಫಾರಸು, ಸಂಶೋಧನೆಗೆ ಸಂಬಂಧಿಸಿದ್ದಲ್ಲ.

ಕೊನೆಯದು ಶಬ್ದಪ್ರಮಾಣದ ಪ್ರಶ್ನೆ: ಯಾರ ಮಾತನ್ನು ನಂಬಬೇಕು, ಪತ್ರಕರ್ತನದ್ದೋ ತನ್ನಷ್ಟಕ್ಕೆ ತಾನೇ ಬರೆದು ಹಾಕುವವನದ್ದೋ? 1843ರ ಜುಲೈ 1ರಂದು ಮಂಗಳೂರಿನಲ್ಲಿ ಹರ್ಮನ್ ಮೊಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರಡಿಸಿದ ನೆನಪಿಗೆ ಪ್ರತಿ ಜುಲೈನಲ್ಲಿ ತಾಲ್ಲೂಕು ಕೇಂದ್ರಗಳಲ್ಲೆಲ್ಲ ಪತ್ರಿಕಾ ದಿನಾಚರಣೆ ನಡೆಯುತ್ತದೆ. ಹಾರ, ಶಾಲು, ಮೈಸೂರು ಪೇಟ ಇವುಗಳಿಗೆ ಕೊರತೆಯಿಲ್ಲ. ಮೊಗ್ಲಿಂಗ್ ಸ್ವತಃ ಪಾದ್ರಿ, ಕಲ್ಲಚ್ಚಿನಲ್ಲಿ ತಾನೇ ಅಚ್ಚು ಹಾಕಿಸಿದವನು. ಇಂದಿನ ಲೆಕ್ಕದಲ್ಲಿ ಅವನಿಗೆ ಪತ್ರಕರ್ತರ ಸಂಘದ ಕಾರ್ಡು ಸಿಗುತ್ತಿತ್ತೇ ಎಂಬುದು ಅನುಮಾನ. ಆ ಚರ್ಚೆಯನ್ನು ಸಮಾರಂಭದಲ್ಲಿ ಎತ್ತಿದ ಲೇಖಕನಿಗೆ ಉಪಾಹಾರ ಸಿಗಲಿಲ್ಲ.

ಆದ್ದರಿಂದ ಹರಾಜಿನ ಮೊದಲ ದಿನವನ್ನೇ ಪ್ರಯೋಗವಾಗಿ ತೆಗೆದುಕೊಂಡೆವು. ಮೊದಲ ಬೇಲಿಗೆ ಪೂಜೆಯಾಗಿ ದರ ಬಿದ್ದ ನಿಮಿಷದಲ್ಲೇ, ಲೋಗೋ ಅಂಟಿಸಿದ ಮೈಕು ಹಿಡಿದ ಹುಡುಗ ಮೊಬೈಲಿನಲ್ಲಿ ಕೂಗಿದ: ‘ವೀಕ್ಷಕರೇ, ಈ ಬಾರಿ ಬಂಪರ್!’ ಅರೆಕಾಲಿಕ ವರದಿಗಾರರು ಅಧಿಕಾರಿಗಳ ಹೇಳಿಕೆ, ಹಾಜರಿದ್ದವರ ಹೆಸರು ಎಲ್ಲ ಬರೆದುಕೊಂಡರು. ಮರುದಿನ ಸುದ್ದಿ ಬಂತು, ಹಾಜರಿದ್ದ ಹನ್ನೊಂದು ಹೆಸರುಗಳೊಂದಿಗೆ. ಹುಡುಗ ಅವಸರದವನು, ಇವರು ಹಳಬರು ಎಂದು ಅವರಿವರು ಕಿತ್ತಾಡಿದರು. ನಾವು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆವು. ಇಬ್ಬರೂ ಹೇಳಿದ್ದು ಗರಿಷ್ಠ ದರವನ್ನು. ಗರಿಷ್ಠ ದರ ಬೀಳುವುದು ಮೇಲಿನ ದರ್ಜೆಯ ಕೆಲವೇ ಬೇಲುಗಳಿಗೆ. ಬ್ಯಾಂಕಿನ ಸಾಲ ತೀರುವುದು ಸರಾಸರಿ ದರದಲ್ಲಿ.

ಸರಾಸರಿ ಎಷ್ಟು ಎಂದು ಆ ದಿನ ಕೇಳಿದವರು ಒಬ್ಬರೇ, ಟವೆಲು ಹೆಗಲಿಗೆ ಹಾಕಿಕೊಂಡು ಹಿಂದಿನ ಸಾಲಿನಲ್ಲಿ ನಿಂತಿದ್ದ ಒಬ್ಬ ಅಜ್ಜ. ಅವರಿಗೆ ಫೋನಿಲ್ಲ. ಯಾರೂ ಉತ್ತರ ಹೇಳದಿದ್ದಾಗ ಬೇಲಿನಿಂದ ಬೇಲಿಗೆ ಹೋಗಿ, ಚೀಟಿಗಳ ಮೇಲೆ ಬರೆದಿದ್ದ ದರಗಳನ್ನು ಓದಿ, ಬೆರಳ ಗೆಣ್ಣಿನಲ್ಲಿ ಲೆಕ್ಕ ಹಾಕಿದರು. ‘ಹ್ವಾದ್ ವರ್ಸಕ್ಕಿಂತ ಕಮ್ಮಿನೇ ಕನ’ ಎಂದು ನಮ್ಮ ಕಡೆ ತಿರುಗಿದರು. ‘ಬರ್ಕಳಿ.’

ಬರೆದುಕೊಂಡಿದ್ದೇವೆ. ಹೆಚ್ಚಿನ ಅಧ್ಯಯನಕ್ಕೆ ಬರುವ ವಿದ್ವಾಂಸರಲ್ಲಿ ಒಂದು ವಿನಂತಿ: ಹುಣಸೂರು ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಬರಿದೇ ಪ್ಲಾಟ್‌ಫಾರಂ ಎಲ್ಲಿ ಎಂದು ಕೇಳಬೇಡಿ. ನಂಬರ್ ಯಾವುದು ಎಂದು ಕೇಳುತ್ತಾರೆ, ಗೊತ್ತಿಲ್ಲ ಎಂದರೆ ಕಟ್ಟೆಮಳಲವಾಡಿಯ ಆಟೋ ಹತ್ತಿಸಿ ಕಳಿಸುತ್ತಾರೆ.