ಪುಣೆಯಲ್ಲಿ ಕಡಲತೀರ ಸ್ವಚ್ಛಗೊಳಿಸುವ ಕೈಪಿಡಿ

ಮೊದಲು, ಸಮುದ್ರ ಹುಡುಕಬೇಡಿ. ಸೆಪ್ಟೆಂಬರ್ ಮೂರನೇ ಶನಿವಾರ ಜಗತ್ತೆಲ್ಲ ಕಡಲತೀರ ಗುಡಿಸುತ್ತದೆಂದು ಹುರುಪಿನಿಂದ ಅಲಿಬಾಗಿಗೆ ಗಾಡಿ ಬಿಡುವವರುಂಟು. ದಾರಿಯುದ್ದಕ್ಕೂ ಖಾಲಿ ಮಾಡುವ ನೀರಿನ ಬಾಟಲಿಗಳನ್ನು ಲೆಕ್ಕಕ್ಕೆ ತಗೊಂಡರೆ ಆ ಸೇವೆ ನಷ್ಟದ ಬಾಬತ್ತು. ಬದಲಿಗೆ ಪುಣೆಯ ಡೆಕ್ಕನ್ ಬಡಾವಣೆಯ ಭಿಡೆ ಸೇತುವೆಯ ಬಳಿ ಮುಠಾ ನದಿಗೆ ಇಳಿಯಿರಿ. ಖಡಕ್‌ವಾಸಲಾ ಅಣೆಕಟ್ಟೆಯ ನೀರು ಬಂದು ಇಳಿದ ಮೇಲೆ ದಂಡೆಯ ಗಿಡಗಂಟಿಗಳಲ್ಲಿ ಎಲೆಗಿಂತ ಕ್ಯಾರಿಬ್ಯಾಗೇ ಹೆಚ್ಚು.

ನಂತರ ದಿಕ್ಕು ನೋಡಿಕೊಳ್ಳಿ. ಅರಬ್ಬಿ ಸಮುದ್ರ ಪಶ್ಚಿಮಕ್ಕೆ ಸುಮಾರು 100 ಕಿ.ಮೀ. ಇದ್ದರೂ ಮುಠಾ ಅದಕ್ಕೆ ಬೆನ್ನು ಹಾಕಿದ್ದಾಳೆ. ಮುಳಾ ಜತೆಗೂಡಿ, ಭೀಮೆಗೆ ಬಿದ್ದು, ಉಜನಿ ಅಣೆಕಟ್ಟೆಯಲ್ಲಿ ತಂಗಿ, ಪಂಢರಪುರದಲ್ಲಿ ಚಂದ್ರಭಾಗೆ ಎನಿಸಿಕೊಂಡು, ಗಾಣಗಾಪುರ, ಯಾದಗಿರಿ ದಾಟಿ ರಾಯಚೂರು ಸೀಮೆಯಲ್ಲಿ ಕೃಷ್ಣೆಯ ಪಾಲಾಗುತ್ತಾಳೆ. ಕಡಲು ಸಿಗುವುದು ಆಂಧ್ರದ ಹಂಸಲದೀವಿಯಲ್ಲಿ. ನಡುವೆ ಸಾಲುಸಾಲು ಅಣೆಕಟ್ಟೆಗಳಿವೆ, ಎಷ್ಟೋ ಪ್ಲಾಸ್ಟಿಕ್ ಅಲ್ಲೇ ಹೂತುಹೋಗುತ್ತದೆ ಅನ್ನಿ. ಅದು ನಮಗೇನೂ ಸಮಾಧಾನವಲ್ಲ. ಪುಣೆಯ ಕೊಥ್ರೂಡದ ಕನ್ನಡಿಗರಾದ ನಾವು ಸೇತುವೆ ಮೇಲಿಂದ ನಿರ್ಮಾಲ್ಯದ ಗಂಟು ಎಸೆದು, ಗುರುವಾರ ದತ್ತನ ದರ್ಶನಕ್ಕೆಂದು ಗಾಣಗಾಪುರಕ್ಕೆ ಹೋಗಿ, ಅದೇ ನೀರಲ್ಲಿ ಮೂರು ಮುಳುಗು ಹಾಕುತ್ತೇವೆ.

ಸಲಕರಣೆ: ಗಂಬೂಟು, ದಪ್ಪ ರಬ್ಬರಿನ ಕೈಗವಸು, ಗೋಣಿಚೀಲ, ಕೊಕ್ಕೆ. ಫ್ಲೆಕ್ಸ್ ಬ್ಯಾನರ್ ತಂದಿದ್ದರೆ ಅದನ್ನೇ ಮೊದಲು ಚೀಲಕ್ಕೆ ಹಾಕಿ.

ಅನಂತ ಚತುರ್ದಶಿ ಕಳೆದ ಮೇಲೆ ಸಿಗುವುದು ನಿರ್ಮಾಲ್ಯದ ಗಂಟು. ಭಕ್ತಿ ಸೋರಿಹೋಗದಂತೆ ಎರಡು ಗಂಟು ಬಿಗಿದಿರುತ್ತಾರೆ. ಮೂಗು ಬಿಗಿಹಿಡಿದು ಬಿಚ್ಚಿ: ಲೋಳೆಯಾದ ಚೆಂಡುಹೂ, ಕಪ್ಪಾದ ಗರಿಕೆ, ಅಗರಬತ್ತಿ ಪೊಟ್ಟಣ, ಇಷ್ಟಾದರೂ ಮಿಂಚುವ ಜರಿಹಾರ. ಹೂವು ಗೊಬ್ಬರಕ್ಕೆ, ಮಿಂಚುವುದು ಚೀಲಕ್ಕೆ. ಪ್ಲಾಸ್ಟರ್ ಗಣಪ ಸಿಕ್ಕರೆ ಕೈಮುಗಿದು ಎತ್ತಿ. ಅವನನ್ನು ಮನೆಯ ಬಕೆಟ್ಟಿನಲ್ಲೇ ಅಮೋನಿಯಂ ಬೈಕಾರ್ಬನೇಟ್ ಹಾಕಿ ಕರಗಿಸುವ ಉಪಾಯವನ್ನು ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ ಯಾವತ್ತೋ ತೋರಿಸಿಕೊಟ್ಟಿದೆ. ಕೊನೆಗೆ ಉಳಿಯುವ ದ್ರವ ಗಿಡಗಳಿಗೆ ಗೊಬ್ಬರ.

ಇಷ್ಟೆಲ್ಲ ಬೇಡವೆನ್ನುವ ಸೋಮಾರಿಗಳಿಗೊಂದು ಸುಲಭ ವಿಧಾನ: ಹಸಿಕಸ, ಒಣಕಸ ಬೇರೆಮಾಡಿ ಬಾಗಿಲಲ್ಲಿಡಿ. ಕಸ ಆಯುವವರೇ ಒಡೆಯರಾಗಿರುವ ‘ಸ್ವಚ್ಛ್’ ಸಹಕಾರಿ ಸಂಘ 2008ರಿಂದ ಮಹಾನಗರಪಾಲಿಕೆಯೊಂದಿಗೆ ಈ ಕೆಲಸ ಮಾಡುತ್ತಿದೆ. ಅಲ್ಲಿನ ಹೆಂಗಸರು ಮನೆಬಾಗಿಲಲ್ಲೇ ಹಿಡಿದ ಹಾಲಿನ ಪ್ಯಾಕೆಟ್ಟನ್ನು ನೀವು ಹೊಳೆಗಿಳಿದು ಹೆಕ್ಕಬೇಕಿಲ್ಲ. ತಿಂಗಳ ಶುಲ್ಕ ಕೇಳಿದಾಗ ಚೌಕಾಸಿ ಮಾಡಬೇಡಿ. ಅವರಿಗೆ ಯಾರೂ ಟೀಶರ್ಟ್ ಹಂಚುವುದಿಲ್ಲ, ಫೋಟೊ ತೆಗೆಯುವುದೂ ಇಲ್ಲ.

ಹೊಳೆಗಿಳಿದವರಿಗೆ ಪ್ರಮಾಣಪತ್ರ ಉಂಟು. ಲ್ಯಾಮಿನೇಷನ್ ಮಾಡಿಸುವಂತಿಲ್ಲ.