ಚಾಳೀಸು ಮೀಮಾಂಸೆ: ನಾಲ್ಕು ಪಂಥಗಳ ಖಂಡನೆ ಮತ್ತು ಸಿದ್ಧಾಂತ ಸ್ಥಾಪನೆ

ಅಧಿಕಾರಿ ನಿರೂಪಣೆ

ಶಾಸ್ತ್ರ ಹೇಳುವ ಮೊದಲು ಅದನ್ನು ಓದಲು ಯಾರು ಅರ್ಹರೆಂದು ಹೇಳಿಬಿಡುವುದು ಹಿರಿಯರ ಕ್ರಮ. ಈ ಶಾಸ್ತ್ರಕ್ಕೆ ಅಧಿಕಾರಿ ಯಾರೆಂದರೆ, ನಲವತ್ತು ದಾಟಿದವನು. ಮಾತ್ರೆಯ ಪಟ್ಟಿಯನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು, ಆಚೆ ಚಾಚಿ, ಈಚೆ ಎಳೆದು, ಮತ್ತೆ ಆಚೆ ಚಾಚಿ, ‘ಏನು ಅಚ್ಚು ಹಾಕ್ತಾರೋ ಇವರು’ ಎಂದು ಗೊಣಗಿ, ಕೊನೆಗೆ ಪಕ್ಕದಲ್ಲಿದ್ದ ಹೈಸ್ಕೂಲು ಹುಡುಗನ ಕೈಗೆ ಕೊಟ್ಟವನು. ಕೊಟ್ಟ ಮೇಲೂ ತನಗೇನೂ ಆಗಿಲ್ಲವೆಂದು ನಂಬಿರುವವನು ಉತ್ತಮಾಧಿಕಾರಿ. ಆಗಿದೆಯೆಂದು ಒಪ್ಪಿ ಕಣ್ಣಿನ ಡಾಕ್ಟರ ಬಳಿ ಹೋದವನಿಗೆ ಈ ಶಾಸ್ತ್ರ ಬೇಕಿಲ್ಲ, ಅವನು ಜೀವನ್ಮುಕ್ತ.

ವಿಷಯ: ಹತ್ತಿರದ್ದು ಕಾಣದಿರುವುದು. ಪ್ರಯೋಜನ: ತಪ್ಪನ್ನು ಯಾರ ತಲೆಗೆ ಕಟ್ಟಬೇಕೆಂಬ ನಿರ್ಣಯ.

ಪ್ರಮಾಣ ವಿಚಾರ

ಇಂದ್ರಿಯಕ್ಕೂ ವಸ್ತುವಿಗೂ ಸನ್ನಿಕರ್ಷವಾದಾಗ ಪ್ರತ್ಯಕ್ಷ ಜ್ಞಾನ ಹುಟ್ಟುತ್ತದೆಂಬುದು ನೈಯಾಯಿಕರ ಮತ. ಚಾಳೀಸು ಬಂದವನಲ್ಲಿ ಈ ಲಕ್ಷಣ ತಲೆಕೆಳಗಾಗುತ್ತದೆ. ಎದುರು ಬೀದಿಯ ಅಂಗಡಿಯ ಬೋರ್ಡನ್ನು ಅವನು ನಿರರ್ಗಳವಾಗಿ ಓದುತ್ತಾನೆ. ಅದೇ ಅಂಗಡಿಯ ಬಿಲ್ಲು ಕೈಗೆ ಬಂದೊಡನೆ ನಿರಕ್ಷರಿ. ಸನ್ನಿಕರ್ಷ ಹೆಚ್ಚಿದಷ್ಟೂ ಜ್ಞಾನ ಕ್ಷೀಣ. ಪ್ರತ್ಯಕ್ಷವೇ ಹೀಗೆ ಕೈಕೊಟ್ಟ ಮೇಲೆ ಉಳಿಯುವುದು ಆಪ್ತವಾಕ್ಯ ಮತ್ತು ಅನುಮಾನ. ಆಪ್ತವಾಕ್ಯವೆಂದರೆ ‘ಒಂದ್ಸಲ ಕಣ್ಣು ತೋರಿಸ್ಕೊಳ್ಳಿ’ ಎಂಬ ಮನೆಯವರ ಮಾತು. ಅದನ್ನು ಅಪ್ರಮಾಣವೆಂದು ತಳ್ಳಿಹಾಕುವುದು ಈ ಕ್ಷೇತ್ರದ ಸಂಪ್ರದಾಯ. ಹಾಗಾಗಿ ಅನುಮಾನವೊಂದೇ ಗತಿ. ಅದರಿಂದ ನಾಲ್ಕು ಪಂಥಗಳು ಹುಟ್ಟಿವೆ.

ಪೂರ್ವಪಕ್ಷ

ಮೊದಲನೆಯವರು ದೀಪದೋಷವಾದಿಗಳು. ‘ಕಣ್ಣು ನೆಟ್ಟಗಿದೆ, ಬಲ್ಬೇ ಮಂಕು’ ಎಂಬುದು ಇವರ ಸೂತ್ರ. ಸಾಕ್ಷಿಗೆಂದು ಪತ್ರಿಕೆಯನ್ನು ಜಗಲಿಯ ಬಿಸಿಲಿಗೆ ಒಯ್ದು ಸರಾಗವಾಗಿ ಓದಿ ತೋರಿಸುತ್ತಾರೆ. ಓದುವುದೇನೋ ನಿಜ, ಹೇತ್ವಾಭಾಸ ಇರುವುದೂ ಅಲ್ಲೇ. ಬಿಸಿಲಿಗೆ ಕಣ್ಣಿನ ಪಾಪೆ ಕಿರಿದಾಗುತ್ತದೆ. ಕಿರಿದಾದ ಕಿಂಡಿಯಿಂದ ಬಂದ ಬೆಳಕು ಅಕ್ಷಿಪಟದ ಮೇಲೆ ಅಷ್ಟಾಗಿ ಹರಡುವುದಿಲ್ಲ. ಫೋಕಸ್ ತಪ್ಪಿದ ಅಕ್ಷರವೂ ಓದುವಷ್ಟು ಉಳಿದುಕೊಳ್ಳುತ್ತದೆ. ರಟ್ಟಿಗೆ ಸೂಜಿಯಿಂದ ತೂತು ಮಾಡಿ ಅದರೊಳಗಿಂದ ನೋಡಿದರೂ ಇದೇ ಫಲ. ಬಿಸಿಲು ಕಣ್ಣನ್ನು ನಿರಪರಾಧಿಯೆಂದು ಸಾಧಿಸಲಿಲ್ಲ, ಅಪರಾಧವನ್ನು ಮುಚ್ಚಿಹಾಕಿತು, ಅಷ್ಟೆ. ಸಂಜೆ ಆರರ ಮೇಲೆ ಈ ದರ್ಶನ ಅಸ್ತಂಗತ.

ಎರಡನೆಯವರು ಬಾಹುವಾದಿಗಳು. ಕಣ್ಣು ಹಿಂದೆ ಬಿದ್ದರೆ ಕೈ ಮುಂದೆ ಹೋಗಲಿ ಎಂಬುದು ಇವರ ಧೋರಣೆ. ಉಟ್ರೆಕ್ಟ್‌ನ ವೈದ್ಯ ಎಫ್. ಸಿ. ಡಾಂಡರ್ಸ್ 1864ರ ತಮ್ಮ ಗ್ರಂಥದಲ್ಲಿ ವಯಸ್ಸಿಗೂ ಕಣ್ಣಿನ ಹೊಂದಾಣಿಕೆಯ ಶಕ್ತಿಗೂ ಇರುವ ನಂಟನ್ನು ಲೆಕ್ಕಕ್ಕಿಳಿಸಿದರು. ಅದರ ಪ್ರಕಾರ ಹತ್ತರ ವಯಸ್ಸಿನಲ್ಲಿ ಆ ಶಕ್ತಿ ಸುಮಾರು 14 ಡಯಾಪ್ಟರ್. ಅಂದರೆ 7 ಸೆಂಟಿಮೀಟರ್ ಹತ್ತಿರದ್ದೂ ಸ್ಪಷ್ಟ. ನಲವತ್ತಕ್ಕೆ 4.5 ಡಯಾಪ್ಟರ್, 22 ಸೆಂಟಿಮೀಟರ್. ಐವತ್ತಕ್ಕೆ 2.5, ಅಂದರೆ 40 ಸೆಂಟಿಮೀಟರ್. ಇಲ್ಲಿಯವರೆಗೂ ಬಾಹುವಾದ ಊರ್ಜಿತ. ಅರುವತ್ತಕ್ಕೆ ಉಳಿಯುವುದು ಸುಮಾರು 1 ಡಯಾಪ್ಟರ್. ಪುಸ್ತಕ ಒಂದು ಮೀಟರ್ ಆಚೆಗಿರಬೇಕು. ಅಷ್ಟುದ್ದದ ತೋಳು ಆಜಾನುಬಾಹುಗಳಿಗೂ ಇಲ್ಲ. ಪಂಥ ಅಲ್ಲಿಗೆ ಮುಗಿಯಿತು.

ಮೂರನೆಯವರು ವ್ಯಾಯಾಮವಾದಿಗಳು. ಇವರ ಮೂಲಪುರುಷ ಅಮೆರಿಕದ ವಿಲಿಯಂ ಬೇಟ್ಸ್. 1920ರಲ್ಲಿ ಪ್ರಕಟವಾದ ಅವರ ಪುಸ್ತಕದ ಪ್ರಕಾರ ಫೋಕಸ್ ಮಾಡುವುದು ಮಸೂರವಲ್ಲ. ಹೊರಗಿನ ಸ್ನಾಯುಗಳು ಕಣ್ಣುಗುಡ್ಡೆಯನ್ನೇ ಹಿಂಡಿ ಉದ್ದ ಮಾಡುತ್ತವೆ. ಆದ್ದರಿಂದ ಕಸರತ್ತು ಮಾಡಿ, ಕನ್ನಡಕ ಎಸೆಯಿರಿ. ಇದರ ಖಂಡನೆ ಬೇಟ್ಸ್ ಹುಟ್ಟುವ ಮೊದಲೇ ಆಗಿಹೋಗಿತ್ತೆಂಬುದು ಈ ಪಂಥದ ವೈಶಿಷ್ಟ್ಯ. ಅದನ್ನು ಮುಂದೆ ನೋಡೋಣ.

ನಾಲ್ಕನೆಯವರು ವಿತಂಡವಾದಿಗಳು, ಚಿಕ್ಕಂದಿನಿಂದ ದೂರದ ಕನ್ನಡಕ ಹಾಕಿದವರು. ಐವತ್ತರಲ್ಲೂ ಅದನ್ನು ಕಳಚಿ, ಪುಸ್ತಕವನ್ನು ಮುಖದ ಹತ್ತಿರ ತಂದು ಓದಿ, ಸಭೆಯ ಕಡೆ ತಿರುಗಿ ಮುಗುಳ್ನಗುತ್ತಾರೆ. ಮೈನಸ್ ಮೂರರ ಕಣ್ಣು ಏನೂ ಮಾಡದೆ ಸುಮ್ಮನಿದ್ದರೂ 33 ಸೆಂಟಿಮೀಟರಿನಲ್ಲಿ ಫೋಕಸ್ ಆಗಿಯೇ ಇರುತ್ತದೆ. ಅವರ ಮಸೂರವೂ ನಮ್ಮಷ್ಟೇ ಗಟ್ಟಿಯಾಗಿದೆ. ಹಳೆಯ ದೋಷವೊಂದು ಹೊಸ ದೋಷಕ್ಕೆ ಜಾಮೀನು ನಿಂತಿದೆ. ಇದನ್ನು ಗೆಲುವೆಂದು ಪರಿಗಣಿಸತಕ್ಕದ್ದಲ್ಲ.

ಸಿದ್ಧಾಂತ

ಲಂಡನ್ನಿನ ಥಾಮಸ್ ಯಂಗ್, ಇನ್ನೂ ಮೂವತ್ತು ತುಂಬದ ತರುಣ, 1801ರಲ್ಲಿ ಪ್ರಕಟವಾದ ಪ್ರಬಂಧಕ್ಕೆ ತನ್ನ ಕಣ್ಣನ್ನೇ ಸಾಕ್ಷಿಕಟ್ಟೆಗೆ ಹತ್ತಿಸಿದ. ನೀರು ತುಂಬಿದ ಪುಟ್ಟ ಕೊಳವೆಯನ್ನು ಕಣ್ಣಿಗೆ ಒತ್ತಿಕೊಂಡು ಕಾರ್ನಿಯಾದ ಶಕ್ತಿಯನ್ನು ಕಳೆದ. ಹತ್ತಿರಕ್ಕೂ ದೂರಕ್ಕೂ ಹೊಂದಿಕೊಳ್ಳುವ ಸಾಮರ್ಥ್ಯ ಹೋಗಲಿಲ್ಲ. ಕಾರ್ನಿಯಾ ಬಿಡುಗಡೆ. ಕಣ್ಣುಗುಡ್ಡೆಯನ್ನು ಮೂಗಿನ ಕಡೆ ಹೊರಳಿಸಿ, ಹೊರಮೂಲೆಯಲ್ಲಿ ಕೀಲಿಕೈಯ ಬಳೆಯನ್ನು ತೂರಿಸಿ ಒತ್ತಿ ಹಿಡಿದ. ಗುಡ್ಡೆ ಉದ್ದವಾಗುವ ಸುಳಿವಿಲ್ಲ. ಗುಡ್ಡೆಯೂ ಬಿಡುಗಡೆ, ಬೇಟ್ಸ್ ವಾದ ಬಿದ್ದದ್ದು ಇಲ್ಲೇ. ಉಳಿದ ಆರೋಪಿ ಮಸೂರ. ಆದರೆ ಮಸೂರವೇ ಒಂದು ಸ್ನಾಯು ಎಂದುಕೊಂಡು ಯಂಗ್ ಕೊನೆಯ ಮೆಟ್ಟಿಲಲ್ಲಿ ಜಾರಿದ. ಅದನ್ನು ತಿದ್ದಿದವರು ಜರ್ಮನಿಯ ಹೆಲ್ಮ್‌ಹೋಲ್ಟ್ಸ್, 1855ರಲ್ಲಿ. ಮಸೂರ ನವಿರಾದ ಎಳೆಗಳಿಂದ ತೂಗಿಕೊಂಡಿದೆ. ಸುತ್ತ ಸಿಲಿಯರಿ ಸ್ನಾಯುವಿನ ಉಂಗುರ. ಸ್ನಾಯು ಬಿಗಿದರೆ ಎಳೆ ಸಡಿಲ. ಎಳೆ ಸಡಿಲಿದರೆ ಮಸೂರ ಉಬ್ಬುತ್ತದೆ. ಉಬ್ಬಿದರೆ ಹತ್ತಿರದ್ದು ಕಾಣುತ್ತದೆ.

ಹಾಗಾದರೆ ವಯಸ್ಸಾದ ಮೇಲೆ ಏಕೆ ಉಬ್ಬದು? ಮಸೂರ ಬದುಕಿನುದ್ದಕ್ಕೂ ಬೆಳೆಯುತ್ತದೆ, ಒಂದು ಕೋಶವನ್ನೂ ಹೊರಗೆ ಹಾಕುವುದಿಲ್ಲ. ಇದೊಂದು ಅವಿಭಕ್ತ ಕುಟುಂಬ: ಹೊಸಬರು ಬಂದು ಜಗಲಿಯಲ್ಲಿ ಸೇರುತ್ತಾರೆ, ಹಳಬರು ನಡುಮನೆಯಲ್ಲಿ ಒತ್ತೊತ್ತಾಗಿ ಕೂತು ಗಟ್ಟಿಯಾಗುತ್ತಾರೆ, ಯಾರೂ ಪಾಲು ಕೇಳಿ ಹೊರಡುವುದಿಲ್ಲ. ಸ್ನಾಯು ಇನ್ನೂ ಎಳೆಗಳನ್ನು ಸಡಿಲಿಸಬಲ್ಲದು. ಮಸೂರ ಮಾತ್ರ ಮಿಸುಕುವುದಿಲ್ಲ. ಕಸರತ್ತು ನಿರರ್ಥಕವಾಗುವುದೂ ಇದರಿಂದಲೇ. ಮೀನಿಗೆ ಈ ಬಾಧೆಯಿಲ್ಲ. ಅದು ಹುಟ್ಟಿನಿಂದಲೇ ಗಟ್ಟಿ ಮಸೂರವನ್ನು ಇಡಿಯಾಗಿ ಹಿಂದೆ ಮುಂದೆ ಸರಿಸಿ ಫೋಕಸ್ ಮಾಡುತ್ತದೆ. ಆದರೆ ಮೀನು ಪತ್ರಿಕೆ ಓದಿದ ದಾಖಲೆಯಿಲ್ಲ.

ಈಗ ಡಾಂಡರ್ಸ್ ಲೆಕ್ಕವನ್ನು ಇನ್ನೊಮ್ಮೆ ನೋಡಿ. ಹತ್ತರಲ್ಲಿ 14, ಇಪ್ಪತ್ತರಲ್ಲಿ 10, ಮೂವತ್ತರಲ್ಲಿ 7. ಅತಿ ದೊಡ್ಡ ನಷ್ಟವೆಲ್ಲ ಆಗಿಹೋದದ್ದು ಇರುವೆಯನ್ನು ಮೂಗಿನ ತುದಿಗೆ ಹಿಡಿದು ಮೀಸೆ ನೋಡುತ್ತಿದ್ದ ವಯಸ್ಸಿನಿಂದ ಮದುವೆಯ ವಯಸ್ಸಿನೊಳಗೆ. ಆಗ ಯಾರೂ ಬಲ್ಬನ್ನು ಬೈಯಲಿಲ್ಲ. ಆದ್ದರಿಂದ ನಮ್ಮ ಸಿದ್ಧಾಂತ: ನಲವತ್ತರಲ್ಲಿ ಶುರುವಾಗುವುದು ದೋಷವಲ್ಲ, ದೂಷಣೆ.

ಶಿಷ್ಟಾಚಾರ

ಶಿಷ್ಟರು ಏನು ಮಾಡಿದರೆಂಬುದೂ ಪ್ರಮಾಣವೇ. ವಿಜಯನಗರದ ವ್ಯಾಸರಾಯರು ‘ತರ್ಕತಾಂಡವ’ ಬರೆದು ನೈಯಾಯಿಕರನ್ನೇ ಎದುರಿಸಿದ ವಾದಿಗಳು. ಸೋಮನಾಥ ಕವಿಯ ‘ವ್ಯಾಸಯೋಗಿಚರಿತ’ದಲ್ಲಿ ಅವರು ಕನ್ನಡಕದ ಮೂಲಕ ಗ್ರಂಥ ಓದುವ ಪ್ರಸ್ತಾಪವಿದೆ, ವಿದ್ವಾಂಸರು ಅದನ್ನು ಸುಮಾರು 1520ರ ಮಾತೆನ್ನುತ್ತಾರೆ. ಗಮನಿಸಿ: ಅಷ್ಟು ದೊಡ್ಡ ತಾರ್ಕಿಕರು ದೀಪದ ಮೇಲೆ ವಾದ ಹೂಡಲಿಲ್ಲ, ಕನ್ನಡಕ ಹಾಕಿಕೊಂಡರು. ತರ್ಕ ಎಲ್ಲಿ ಬೇಡವೆಂದು ತಿಳಿಯಲು ತರ್ಕ ಚೆನ್ನಾಗಿ ಬರಬೇಕು.

ಪ್ರಯೋಜನ

ಇದೆಲ್ಲ ವಿರಾಮವಿದ್ದವರ ಜಗಳವೆಂದು ಆಕ್ಷೇಪಿಸಬಹುದು. 2018ರಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅಸ್ಸಾಮಿನ ಚಹಾ ತೋಟಗಳಲ್ಲಿ ಎಲೆ ಕೀಳುವ, ನಲವತ್ತು ದಾಟಿದ ಕೆಲಸಗಾರರ ಪೈಕಿ ಕೆಲವರಿಗೆ ಓದುವ ಕನ್ನಡಕ ಕೊಟ್ಟು ನೋಡಿದರು. ಕನ್ನಡಕ ಸಿಗದವರಿಗಿಂತ ಇವರ ದಿನದ ಕೊಯ್ಲು ಶೇ. 21.7ರಷ್ಟು ಹೆಚ್ಚು ಏರಿತು. ಅವರಿಗೆ ಅಡ್ಡಿಯಾಗಿದ್ದದ್ದು ಪಂಥವೂ ಅಲ್ಲ, ಪ್ರತಿಷ್ಠೆಯೂ ಅಲ್ಲ. ಅಗ್ಗದ ಒಂದು ಜೊತೆ ಗಾಜು ಕೈಗೆ ಬಾರದೇ ಇದ್ದದ್ದು. ಬೀದಿ ದಾಟಿದರೆ ಕನ್ನಡಕದ ಅಂಗಡಿಯಿದ್ದೂ ನಾಲ್ಕು ದರ್ಶನ ಕಟ್ಟಿದ ನಾವು ಈ ಅಂಕಿಯನ್ನು ಎಷ್ಟು ದೂರ ಹಿಡಿದು ಓದಿದರೂ ಅದು ಸಣ್ಣದಾಗಿ ಕಾಣಬಾರದು.

ಫಲಶ್ರುತಿ

ಈ ಪ್ರಬಂಧವನ್ನು ಕನ್ನಡಕ ಹಾಕಿ ಓದಿದವರಿಗೆ ಸೂಜಿಗೆ ದಾರ ಸೇರುವುದು, ಅಕ್ಕಿಯ ಕಲ್ಲು ಸಿಗುವುದು, ವಿಮೆಯ ಕರಾರು ಸಹಿ ಹಾಕುವ ಮೊದಲೇ ಕಾಣುವುದು. ಬೇರೆಯವರಿಂದ ಓದಿಸಿ ಕೇಳಿದವರಿಗೆ ಅರ್ಧ ಫಲ. ತೋಳು ಚಾಚಿ ಓದಿದವರಿಗೆ ಭುಜದ ನೋವು. ನಲವತ್ತು ತುಂಬದವರು ಓದಿ ನಕ್ಕರೆ ದೋಷವಿಲ್ಲ. ಇದನ್ನು ಓದಿ ಮುಗಿಸುವಷ್ಟರಲ್ಲಿ ಅವರ ಮಸೂರವೂ ತುಸು ಗಟ್ಟಿಯಾಗಿರುತ್ತದೆ.