ಟ್ರೆಡ್‌ಮಿಲ್ ಬಾಯಿಬಿಟ್ಟಾಗ

ಬೆಂಗಳೂರಿನ ಹೊರವರ್ತುಲ ರಸ್ತೆಯ ಒಂದು ಟೆಕ್ ಪಾರ್ಕು. ಎರಡನೇ ಬೇಸ್‌ಮೆಂಟಿನಲ್ಲಿ, ಬೈಕ್ ನಿಲ್ಲಿಸುವ ಜಾಗಕ್ಕೂ ಜನರೇಟರಿಗೂ ನಡುವೆ ಒಂದು ಗಾಜಿನ ಕೋಣೆ. ಬಾಗಿಲ ಮೇಲೆ ಹಸಿರು ಎಲೆಯ ಚಿತ್ರ, ಅದರ ಕೆಳಗೆ ‘ವೆಲ್‌ನೆಸ್ ಜೋನ್’. ಒಳಗೆ ಗಾಳಿ ಹೋದ ಒಂದು ಜಿಮ್ ಬಾಲು, ಜೋಡಿ ಕಳೆದುಕೊಂಡ ಒಂದು ಡಂಬೆಲ್, ಮತ್ತು ಈ ಸಂದರ್ಶನದ ನಾಯಕರು. ಕೋಣೆಯ ದೀಪ ಸೆನ್ಸರಿನದು. ಯಾರೂ ಅಲ್ಲಾಡದಿದ್ದರೆ ತಾನೇ ಆರುತ್ತದೆ. ಮಾತುಕತೆಯ ನಡುವೆ ನಾಲ್ಕು ಸಲ ಆರಿತು. ಮೊದಲ ಮೂರು ಸಲ ನಾನೇ ಕೈ ಬೀಸಿ ಹೊತ್ತಿಸಿದೆ. ಈ ವರ್ಷ ನಾನು ಮಾಡಿದ ವ್ಯಾಯಾಮ ಅಷ್ಟೇ.

ಪ್ರ: ನಮಸ್ಕಾರ. ಹೇಗಿದ್ದೀರಿ?

ಉ: ಇದ್ದಲ್ಲೇ ಇದೀನಿ ಸ್ವಾಮಿ. ನನ್ನ ಮೇಲೆ ಹತ್ತಿದೋರೂ ಇದ್ದಲ್ಲೇ ಇರ್ತಾರೆ. ನಾಲ್ಕು ಕಿಲೋಮೀಟರ್ ಹೋಗಿಬಂದೆ ಅಂತ ಬೆವರು ಒರೆಸ್ಕೋತಾರೆ. ಇಳಿದು ನೋಡಿದ್ರೆ ಅದೇ ಜನರೇಟರು.

ಪ್ರ: ತಮ್ಮ ಮನೆತನದ ಬಗ್ಗೆ ಸ್ವಲ್ಪ ಹೇಳಬಹುದೇ?

ಉ: ಕೇಳಬಾರದಿತ್ತು, ಕೇಳಿಬಿಟ್ರಿ. ನಾವು ಜೈಲಿನ ಕಡೆಯೋರು. ಇಂಗ್ಲೆಂಡಿನಲ್ಲಿ ವಿಲಿಯಂ ಕ್ಯೂಬಿಟ್ ಅಂತ ಒಬ್ಬ ಎಂಜಿನಿಯರು. ಕೈದಿಗಳು ಕೆಲಸವಿಲ್ಲದೆ ಕೂತಿರೋದು ಆ ಮಹಾಶಯನ ಕಣ್ಣಿಗೆ ಬಿತ್ತು. 1818ರಲ್ಲಿ ನಮ್ಮ ಮುತ್ತಾತ ತಯಾರು. ದೊಡ್ಡದೊಂದು ಚಕ್ರ, ಅದರ ಸುತ್ತ ಮೆಟ್ಟಿಲು. ಗಂಟೆಗಟ್ಟಲೆ ಹತ್ತುತ್ತಲೇ ಇರಬೇಕು, ಆದ್ರೆ ಮೇಲೆ ಹೋಗೋ ಹಾಗಿಲ್ಲ. ಕೆಲವು ಜೈಲಲ್ಲಿ ಅದರಿಂದ ಕಾಳು ಬೀಸ್ತಿದ್ರು, ನೀರೆತ್ತಿದ್ರು. ಕೆಲವು ಕಡೆ ಏನೂ ಇಲ್ಲ, ಬರೀ ಗಾಳಿ ಕಡೆಯೋದು. ಆಸ್ಕರ್ ವೈಲ್ಡ್ ಅಂಥ ದೊಡ್ಡ ಸಾಹಿತಿ 1895ರಲ್ಲಿ ನಮ್ಮವರನ್ನ ತುಳಿದವರೇ. 1898ರಲ್ಲಿ ಹೊಸ ಕಾನೂನು ಬಂದ ಮೇಲೆ, ಇದು ಅಮಾನುಷ ಅಂತ ನಮ್ಮನ್ನ ಜೈಲಿಂದ ಬಿಡಿಸಿದ್ರು.

ಪ್ರ: ಶಿಕ್ಷೆಯಾಗಿದ್ದವರು ಸೌಲಭ್ಯವಾಗಿ ಬಡ್ತಿ ಪಡೆದದ್ದು ಹೇಗೆ?

ಉ: ನಡುವೆ ಒಂದಷ್ಟು ಕಾಲ ಆಸ್ಪತ್ರೆ. 1950ರ ದಶಕದಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ರಾಬರ್ಟ್ ಬ್ರೂಸ್ ಅನ್ನೋ ಹೃದಯದ ಡಾಕ್ಟರು ನಮ್ಮನ್ನ ಕೆಲಸಕ್ಕೆ ತಗೊಂಡ್ರು. ಎದೆಗೆ ವಯರು ಅಂಟಿಸಿ ನಡೆಸ್ತಾರಲ್ಲ, ನಿಮ್ಮ ಕಡೆ ಟಿಎಂಟಿ ಅಂತಾರೆ, ಅದು ಆ ಪುಣ್ಯಾತ್ಮರದ್ದು. ಆಮೇಲೆ ಮನೆ, ಜಿಮ್ಮು, ಈಗ ಆಫೀಸು. ಜೈಲು ನೆನಪಾಗುತ್ತಾ ಅಂತೀರಾ? ಒಂದೊಂದು ಸಲ. ಇಲ್ಲೂ ಬಿಡುಗಡೆಗೆ ತೊಂಬತ್ತು ದಿನದ ನೋಟಿಸ್ ಕೊಡಬೇಕಂತೆ.

ಪ್ರ: ಇಲ್ಲಿಗೆ ಯಾರ್ಯಾರು ಬರುತ್ತಾರೆ?

ಉ: ಜನವರಿ ಒಂದನೇ ತಾರೀಕು ಕ್ಯೂ ಇರುತ್ತೆ. ಸಂಕ್ರಾಂತಿಗೆ ಎಳ್ಳುಬೆಲ್ಲ ಹಂಚೋ ಹೊತ್ತಿಗೆ ಖಾಲಿ. ಹೆಲ್ತ್ ಚೆಕಪ್ ರಿಪೋರ್ಟು ಬಂದ ವಾರ ಮತ್ತೆ ನಾಲ್ಕು ಜನ, ಮುಖದಲ್ಲಿ ಕೊಲೆಸ್ಟ್ರಾಲಿನ ಭಯ ಇಟ್ಕೊಂಡು. ಕಾಯಂ ಬರೋನು ಒಬ್ಬನೇ ಹುಡುಗ, ದಾವಣಗೆರೆ ಕಡೆಯೋನು. ರಾತ್ರಿ ಎಂಟೂವರೆಗೆ ಬರ್ತಾನೆ, ಕಿವಿಯಲ್ಲಿ ಅಮೆರಿಕದ ಮೀಟಿಂಗು. ಕೊರಳಲ್ಲಿ ಕಂಪನಿಯ ದಾರ, ಸೊಂಟಕ್ಕೆ ನನ್ನ ಕೆಂಪು ಕ್ಲಿಪ್ಪಿನ ದಾರ. ಮೈಕ್ ಮ್ಯೂಟ್ ಮಾಡಿ ಓಡ್ತಾನೆ, ಹೆಸರು ಕರೆದ್ರೆ ನಿಲ್ಲಿಸಿ ಮಾತಾಡ್ತಾನೆ. ಒಂದಿನ ಮ್ಯೂಟ್ ಮರೆತ. ಅವನ ಏದುಸಿರು ಕೇಳಿ ಆ ಕಡೆಯೋರು ಗಾಬರಿ. ಇವನು ಸಮಾಧಾನವಾಗಿ, ‘ನೆಟ್‌ವರ್ಕ್ ಸರಿಯಿಲ್ಲ’ ಅಂದ.

ಪ್ರ: ಆದರೂ ಇಂಥ ಕಾರ್ಯಕ್ರಮಗಳಿಂದ ನೌಕರರ ಆರೋಗ್ಯ ಸುಧಾರಿಸುತ್ತದೆ ಎನ್ನುತ್ತಾರೆ.

ಉ: ಅನ್ನೋರು ಯಾರು? ಇದನ್ನ ಮಾರೋರು. ಅಮೆರಿಕದಲ್ಲಿ ಜಿರೂಯಿ ಸಾಂಗ್, ಕ್ಯಾಥರಿನ್ ಬೇಕರ್ ಅಂತ ಇಬ್ಬರು ಸಂಶೋಧಕರು ಇದನ್ನ ಒರೆಗೆ ಹಚ್ಚಿದ್ರು. ಒಂದೇ ಕಂಪನಿಯ 160 ಶಾಖೆ, ಹತ್ತಿರಹತ್ತಿರ 33,000 ನೌಕರರು. ಚೀಟಿ ಎತ್ತಿದ ಹಾಗೆ ಕೆಲವು ಶಾಖೆಗೆ ಕಾರ್ಯಕ್ರಮ ಕೊಟ್ಟು, ಉಳಿದವಕ್ಕೆ ಕೊಡದೆ ಒಂದೂವರೆ ವರ್ಷ ಕಾದ್ರು. 2019ರಲ್ಲಿ ಫಲಿತಾಂಶ ಬಂತು. ಕಾರ್ಯಕ್ರಮ ಸಿಕ್ಕಿದ ಕಡೆಯೋರು ‘ನಾವು ವ್ಯಾಯಾಮ ಮಾಡ್ತೀವಿ, ತೂಕ ನೋಡ್ಕೋತೀವಿ’ ಅಂತ ಹೆಚ್ಚಾಗಿ ಹೇಳಿದ್ರಂತೆ. ಬಿಪಿ, ಕೊಲೆಸ್ಟ್ರಾಲು, ಆಸ್ಪತ್ರೆ ಖರ್ಚು, ರಜೆ ಹಾಕೋದು, ಯಾವುದರಲ್ಲೂ ವ್ಯತ್ಯಾಸ ಕಾಣಲಿಲ್ಲ. ಹೇಳೋದಕ್ಕೇನು ಸ್ವಾಮಿ, ನನ್ನ ಮೇಲೆ ಓಡ್ತೀನಿ ಅಂತ ಹೇಳೋರನ್ನ ಲೆಕ್ಕ ಹಾಕಿದ್ರೆ ನನ್ನ ಬೆಲ್ಟು ಎಂದೋ ಸವೆದುಹೋಗಬೇಕಿತ್ತು.

(ಇಲ್ಲಿ ದೀಪ ಎರಡನೇ ಸಲ ಆರಿತು.)

ಪ್ರ: ಹಾಗಾದರೆ ರೋಗ ಎಲ್ಲಿದೆ?

ಉ: ನನ್ನನ್ನ ಕೇಳ್ತೀರಲ್ಲ, ಗೋಡೆ ಗಡಿಯಾರನ ಕೇಳಿ. ವಾರಕ್ಕೆ 55 ಗಂಟೆ, ಅದಕ್ಕಿಂತ ಹೆಚ್ಚು ದುಡಿಯೋರಿಗೆ ಪಾರ್ಶ್ವವಾಯು, ಹೃದ್ರೋಗದ ಅಪಾಯ ಜಾಸ್ತಿ ಅಂತ ವಿಶ್ವ ಆರೋಗ್ಯ ಸಂಸ್ಥೆ, ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಎರಡೂ ಸೇರಿ 2021ರಲ್ಲಿ ಹೇಳಿದ್ವು. 2016 ಒಂದೇ ವರ್ಷದಲ್ಲಿ ಹೀಗೆ ಸತ್ತೋರು 7,45,000 ಅಂತ ಅವರ ಅಂದಾಜು. ಆ ವರದಿ ಬಂದ ಎರಡು ವರ್ಷಕ್ಕೆ ಇನ್ಫೋಸಿಸ್ ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡೀಬೇಕು ಅಂದ್ರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷರು 90 ಅಂದ್ರು, ಹರಾಜು ಕೂಗಿದ ಹಾಗೆ. ತೊಂಬತ್ತನ್ನ ಆರು ದಿನಕ್ಕೆ ಹಂಚಿ, ದಿನಕ್ಕೆ ಹದಿನೈದು. ಸಿಲ್ಕ್ ಬೋರ್ಡ್ ದಾಟಿ ಹೋಗಿಬರೋಕೆ ಮೂರು. ಉಳಿದ ಆರರಲ್ಲಿ ನಿದ್ದೆ, ಸ್ನಾನ, ಊಟ, ಹೆಂಡತಿ, ಮಕ್ಕಳ ಹೋಮ್‌ವರ್ಕು. ನನ್ನ ಹತ್ತಿರ ಬರೋದು ಯಾವಾಗ? ಕನಸಲ್ಲೇ ಬರಬೇಕು.

ಪ್ರ: ಕಂಪನಿಗೆ ಇದು ಗೊತ್ತಿಲ್ಲವೇ?

ಉ: ಗೊತ್ತಿರೋದಕ್ಕೇ ಹೋದ ತಿಂಗಳು ‘ಒತ್ತಡ ನಿವಾರಣೆ’ ಅಂತ ಆನ್‌ಲೈನ್ ಶಿಬಿರ ಇಟ್ಟಿದ್ರು. ಸಂಜೆ ಏಳಕ್ಕೆ, ಹಾಜರಿ ಕಡ್ಡಾಯ. ಎಲ್ಲರೂ ಕ್ಯಾಮೆರಾ ಆನ್ ಮಾಡಿ ಕಣ್ಣು ಮುಚ್ಚಬೇಕಿತ್ತು.

ಪ್ರ: ‘ದಿನಕ್ಕೆ ಹತ್ತು ಸಾವಿರ ಹೆಜ್ಜೆ’ ಸ್ಪರ್ಧೆ ಬಹಳ ಯಶಸ್ವಿಯಾಯಿತೆಂದು ನೋಟಿಸ್ ಬೋರ್ಡಿನಲ್ಲಿ ನೋಡಿದೆ.

ಉ: ಮೊದಲು ಆ ಹತ್ತು ಸಾವಿರದ ಕಥೆ ಕೇಳಿ. 1965ರಲ್ಲಿ ಜಪಾನಿನ ಒಂದು ಕಂಪನಿ ಹೆಜ್ಜೆ ಎಣಿಸೋ ಯಂತ್ರ ಮಾರೋಕೆ ಅದಕ್ಕೆ ‘ಮಾನ್‌ಪೋ-ಕೇ’ ಅಂತ ಹೆಸರಿಟ್ಟಿತು. ಹತ್ತು ಸಾವಿರ ಹೆಜ್ಜೆಯ ಮಾಪಕ ಅಂತ ಅರ್ಥ. ಯಾವ ವೈದ್ಯನೂ ಬರೆದುಕೊಟ್ಟ ಚೀಟಿ ಅಲ್ಲ ಅದು, ಅಂಗಡಿಯ ಬೋರ್ಡು.

ಇನ್ನು ನಮ್ಮ ಸ್ಪರ್ಧೆ. ಮೂರನೇ ಮಹಡಿಯ ಮ್ಯಾನೇಜರ್ ಸಾಹೇಬರು ಕುರ್ಚಿ ಬಿಟ್ಟು ಏಳೋರಲ್ಲ. ಅವರು ಮಾಡಿದ್ದೇನು? ಕಂಪನಿ ಕೊಟ್ಟ ಕೈಪಟ್ಟಿಯನ್ನ ಹೌಸ್‌ಕೀಪಿಂಗ್ ಅಕ್ಕನ ಕೈಗೆ ಕಟ್ಟಿದ್ರು, ‘ಸುಮ್ಮನೆ ಹಾಕ್ಕೊಂಡಿರಮ್ಮ’ ಅಂತ. ಅಕ್ಕ ಬೆಳಗ್ಗೆ ಆರಕ್ಕೆ ಬಕೆಟ್ ಹಿಡಿದ್ರೆ ಏಳು ಮಹಡಿ, ಅಷ್ಟೂ ಬಾತ್‌ರೂಮು, ಆಮೇಲೆ ಕೆಫೆಟೇರಿಯಾ. ಸಂಜೆ ನೋಡಿದ್ರೆ ಇಪ್ಪತ್ತೊಂದು ಸಾವಿರ ಚಿಲ್ಲರೆ ಹೆಜ್ಜೆ. ಒಂದು ತಿಂಗಳು ಹಾಗೇ ನಡೀತು. ಮೊದಲ ಬಹುಮಾನ ಸಾಹೇಬರಿಗೆ. ಏನು ಬಹುಮಾನ ಗೊತ್ತಾ? ಬೆನ್ನಿಗೆ ಹಿತವಾದ ಒಂದು ಕುರ್ಚಿ. ಅಕ್ಕನಿಗೆ ಒಂದು ಡೈರಿ ಮಿಲ್ಕ್ ಕೊಟ್ರು.

ಪ್ರ: ಆ ಅಕ್ಕ ಈ ಕೋಣೆಯನ್ನು ಬಳಸುವುದಿಲ್ಲವೇ?

ಉ: ಗುತ್ತಿಗೆ ಕಾರ್ಡು ಸ್ವಾಮಿ. ದಿನಕ್ಕೆ ಎರಡು ಸಲ ಮಾತ್ರ ಬಾಗಿಲು ತೆಗೆಯುತ್ತೆ, ನನ್ನನ್ನ ಒರೆಸೋಕೆ. ಮತ್ತೆ, ಅವರಿಗೆ ನಾನ್ಯಾಕೆ? ಅವರಿಗೆ ಬೇಕಿರೋದು ಕೂರೋಕೆ ಜಾಗ. ಲಾಬಿ ಸೋಫಾ ಅತಿಥಿಗಳಿಗೆ, ಕೆಫೆಟೇರಿಯಾ ಕುರ್ಚಿ ಸಿಬ್ಬಂದಿಗೆ. ಮೊದಲೆಲ್ಲ ಮೆಟ್ಟಿಲ ಮೇಲೆ ಕೂರ್ತಿದ್ರು, ಸೆಕ್ಯೂರಿಟಿಯೋರು ಎಬ್ಬಿಸಿದ್ರು. ಕೇರಳದಲ್ಲಿ ಜವಳಿ ಅಂಗಡಿಯ ಹೆಣ್ಣುಮಕ್ಕಳು ಬರೀ ಕೂರೋ ಹಕ್ಕಿಗಾಗಿ ವರ್ಷಗಟ್ಟಲೆ ಜಗಳ ಮಾಡಬೇಕಾಯ್ತು. 2018ರಲ್ಲಿ ಅಲ್ಲಿ ಕಾನೂನು ತಿದ್ದಿದ್ರು, 2021ರಲ್ಲಿ ತಮಿಳುನಾಡಿನೋರೂ ತಿದ್ದಿದ್ರು. ಕೂತೂಕೂತು ಕೆಟ್ಟೋರನ್ನ ಓಡಿಸೋಕೆ ನನಗೆ ಒಂದು ಲಕ್ಷ ಸುರಿದಿದ್ದಾರೆ. ನಡೆದೂನಡೆದು ಸುಸ್ತಾದೋರಿಗೆ ಪ್ಲಾಸ್ಟಿಕ್ ಸ್ಟೂಲು...

ಬಾಗಿಲು ಬೀಪ್ ಅಂದಿತು. ಅಕ್ಕ ಒಳಗೆ ಬಂದವರು ನನ್ನನ್ನು ಕಂಡು ಹಿಂದೆ ಸರಿದರು. ‘ಪರವಾಗಿಲ್ಲ ಬನ್ನಿ ಅಕ್ಕ, ನಂದು ಮುಗೀತು’ ಎಂದೆ. ಅವರು ಮೊದಲು ಗೋಡೆಯ ಪ್ಲಗ್ ಕಿತ್ತರು. ಟ್ರೆಡ್‌ಮಿಲ್ಲಿನ ಕೆಂಪು ಅಂಕಿಗಳು ಆರಿದವು. ಸ್ಟೂಲಿನ ಮಾತು ಅಲ್ಲಿಗೇ ನಿಂತಿತು. ಬೆಲ್ಟನ್ನು ಒದ್ದೆ ಬಟ್ಟೆಯಲ್ಲಿ ಈ ತುದಿಯಿಂದ ಆ ತುದಿಗೆ ಒರೆಸಿ, ಒಣಗಲೆಂದು ಒಂದು ಗಳಿಗೆ ಕಾದರು. ಆಮೇಲೆ ಅದರ ಮೇಲೇ ಕಾಲು ಚಾಚಿ ಕೂತು, ಸ್ಟೀಲ್ ಡಬ್ಬಿ ತೆರೆದರು. ಚಿತ್ರಾನ್ನ. ‘ತಿಂತೀರಾ ಸಾರ್?’ ಅಂದರು. ತಿಂದಾದ ಮೇಲೆ ಹಿಡಿಕೆಯ ಕಂಬಕ್ಕೆ ತಲೆ ಆನಿಸಿ ಕಣ್ಣು ಮುಚ್ಚಿದರು.

ಸ್ವಲ್ಪ ಹೊತ್ತಿಗೆ ದೀಪ ಆರಿತು. ನಾನು ಕೈ ಎತ್ತಲಿಲ್ಲ.